ಕಾಮಿಡಿ ತಾನೆ, ಓಟಿಟಿಗೆ ಬಂದಾಗ ನೋಡೋಣ ಅನ್ನುವ ಮುಂಚೆ

"ಕಾಮಿಡಿ ತಾನೆ, ಓಟಿಟಿಗೆ ಬರಲಿ, ಆಗ ನೋಡೋಣ." ಈಗ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಈ ಮಾತು ಕೇಳಿಸುತ್ತದೆ. ದೊಡ್ಡ ಸ್ಟಾರ್ ಸಿನಿಮಾ ಬಂದರೆ ಬೆಳಗಿನ ಆರು ಗಂಟೆ ಶೋಗೂ ಜನ ಎದ್ದು ಹೋಗುತ್ತಾರೆ. ನಾಲ್ಕು ಜನ ಹೊಸಬರು ಸೇರಿ ಮಾಡಿದ ಹಗುರ ಹಾಸ್ಯದ ಸಿನಿಮಾ ಬಂದರೆ ಟಿವಿಗೆ ಬರುವವರೆಗೆ ಕಾಯುತ್ತಾರೆ. ನನ್ನ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಹೊಡೆದಾಟದ ಸಿನಿಮಾಕ್ಕೆ ಬೇಕಾದ್ದು ದೊಡ್ಡ ಪರದೆ, ದೊಡ್ಡ ಸದ್ದು. ಎರಡನ್ನೂ ಇವತ್ತು ಇಎಂಐ ಮೇಲೆ ಮನೆಗೆ ತರಬಹುದು. ಹಿಂದಿನ ಸಾಲಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುವ ಅಪರಿಚಿತರನ್ನು ಎಲ್ಲಿಂದ ತರುತ್ತೀರಿ?

ಹಾಗಂತ ನಗಿಸುವ ಸಿನಿಮಾ ಎಲ್ಲವೂ ಥಿಯೇಟರಿನದ್ದೇ ಅಂತ ಅಲ್ಲ. ಕೆಲವು ನಿಜವಾಗಲೂ ಮನೆಯಲ್ಲೇ ಚೆನ್ನ. ಯಾವುದಕ್ಕೆ ಟಿಕೆಟ್ ತೆಗೆಯಬೇಕು, ಯಾವುದಕ್ಕೆ ಕಾಯಬೇಕು, ಹೋದರೆ ಯಾವ ವಾರ, ಯಾವ ಶೋ, ಯಾರ ಜೊತೆ ಅನ್ನೋದನ್ನೆಲ್ಲ ಇಲ್ಲಿ ಹೋಲಿಸಿ ನೋಡಿದ್ದೇನೆ. ನಾನು ಪಕ್ಕಾ ಸಿನಿಮಾ ಹುಚ್ಚಿನವನು, ಅದರಲ್ಲೂ ತಲೆ ಬಿಸಿ ಮಾಡದ ಸಿನಿಮಾಗಳ ಕಡೆಯವನು. ಪಕ್ಷಪಾತ ಕಂಡರೆ ಸುಮ್ನೆ ನಕ್ಕುಬಿಡಿ.

ಮೊದಲು ಯಾವ ಥರದ ನಗು ಅಂತ ನೋಡಿ

ಕಾಮಿಡಿ ಅಂದರೆ ಎಲ್ಲ ಒಂದೇ ಅಲ್ಲ. ನಾನು ಮೂರು ಥರ ಮಾಡಿಕೊಂಡಿದ್ದೇನೆ. ಗುಂಪಿನ ನಗು, ಮಾತಿನ ನಗು, ತುಟಿಯಂಚಿನ ನಗು. ಥಿಯೇಟರೋ ಮನೆಯೋ ಅನ್ನೋದು ಮುಕ್ಕಾಲು ಪಾಲು ಇಲ್ಲೇ ತೀರ್ಮಾನ ಆಗುತ್ತದೆ.

ಗುಂಪಿನ ನಗುವಿಗೆ ಈಚಿನ ಒಳ್ಳೆಯ ಉದಾಹರಣೆ 'ಸು ಫ್ರಮ್ ಸೋ'. 2025ರ ಜುಲೈ 25ಕ್ಕೆ ಬಂತು. ಕರಾವಳಿಯ ಒಂದು ಊರು. ಒಬ್ಬ ಹುಡುಗನ ಮೈಮೇಲೆ ದೆವ್ವ ಬಂದಿದೆ ಅಂತ ಊರಿಗೆ ಊರೇ ನಂಬುತ್ತದೆ, ಕಥೆ ಅಷ್ಟೇ. ಜೆ.ಪಿ. ತುಮಿನಾಡು ನಿರ್ದೇಶನ, ಮುಖ್ಯ ಪಾತ್ರದಲ್ಲೂ ಅವರೇ. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು, ಗುರೂಜಿ ಪಾತ್ರವನ್ನೂ ಮಾಡಿದ್ದಾರೆ. ಇಂಟ್ರೊಡಕ್ಷನ್ ಫೈಟ್ ಇರುವಂಥ ಹೀರೋ ಯಾರೂ ಇಲ್ಲ. ಬಿಡುಗಡೆಗೆ ಮುಂಚೆಯೇ ಕೆಲವು ಊರುಗಳಲ್ಲಿ ಟಿಕೆಟ್ ಮಾರಿ ಶೋ ಹಾಕಿದರು, ಪೇಯ್ಡ್ ಪ್ರೀಮಿಯರ್ ಅಂತಾರಲ್ಲ ಅದು. ನೋಡಿದವರು ಹೊರಗೆ ಬಂದು ಹೇಳಿದರು, ಕೇಳಿದವರು ಮನೆಯವರನ್ನೆಲ್ಲ ಕರೆದುಕೊಂಡು ಹೋದರು. ದಿನದಿನಕ್ಕೆ ಶೋ ಜಾಸ್ತಿ ಆಯಿತು, ಗಳಿಕೆ ನೂರು ಕೋಟಿ ದಾಟಿತು.

ಅದೇ ಸಿನಿಮಾ ಸೆಪ್ಟೆಂಬರ್ 9ಕ್ಕೆ ಜಿಯೋಹಾಟ್‌ಸ್ಟಾರ್‌ಗೆ ಬಂತು. ಆಗ ಮೊದಲ ಸಲ ನೋಡಿದ ಗೆಳೆಯರಲ್ಲಿ ಕೆಲವರು "ಇದಕ್ಕೇನಾ ಅಷ್ಟೊಂದು ಗಲಾಟೆ ಮಾಡಿದ್ದು?" ಅಂತ ಕೇಳಿದರು. ಸಿನಿಮಾ ಒಂದು ಫ್ರೇಮೂ ಬದಲಾಗಿರಲಿಲ್ಲ. ಇಂಥ ಸಿನಿಮಾದಲ್ಲಿ ಒಂದು ತಮಾಷೆ ಆದ ಮೇಲೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಪಾತ್ರಗಳು ಮುಖ ಮುಖ ನೋಡಿಕೊಂಡು ಸುಮ್ಮನೆ ನಿಲ್ಲುತ್ತವೆ. ಥಿಯೇಟರಿನಲ್ಲಿ ಆ ಜಾಗವನ್ನು ಜನರ ನಗು ತುಂಬುತ್ತದೆ. ಮನೆಯ ಸೋಫಾದಲ್ಲಿ ಒಬ್ಬರೇ ಕೂತರೆ ಅದು ಬರೀ ಎಳೆದ ಹಾಗೆ ಕಾಣುತ್ತದೆ. ರಂಗದ ಮೇಲೆ ಕೆಲಸ ಮಾಡಿದವರಿಗೆ ಇದು ಹೇಳಿಕೊಡದೆ ಗೊತ್ತಿರುತ್ತದೆ. ನಗು ಮುಗಿಯುವವರೆಗೆ ನಟ ಮುಂದಿನ ಮಾತು ಶುರು ಮಾಡೋದಿಲ್ಲ. ತುಮಿನಾಡು ಅವರು ತುಳು ರಂಗಭೂಮಿಯಿಂದ ಬಂದವರು ಅನ್ನೋದನ್ನು ಇಲ್ಲಿ ನೆನೆಯಬೇಕು.

ಕರಾವಳಿಯಲ್ಲಿ ಇದು ಹೊಸದೂ ಅಲ್ಲ. ತುಳು ಹಾಸ್ಯ ನಾಟಕಗಳಿಗೆ ಮೈದಾನ ತುಂಬುವಷ್ಟು ಜನ ಸೇರುತ್ತಾರೆ. ಆ ಜನವೇ ತುಳು ಸಿನಿಮಾದ ಮೊದಲ ಪ್ರೇಕ್ಷಕರು. 2014ರಲ್ಲಿ ಬಂದ 'ಚಾಲಿ ಪೋಲಿಲು' ಅನ್ನುವ ತುಳು ಕಾಮಿಡಿ ಮಂಗಳೂರಿನಲ್ಲಿ ಒಂದು ವರ್ಷ ದಾಟಿ ಓಡಿತು. ಬೆಂಗಳೂರಿನ ದೊಡ್ಡ ದೊಡ್ಡ ಬ್ಯಾನರ್‌ಗಳಿಗೂ ಈಗ ಆ ಭಾಗ್ಯ ಇಲ್ಲ ಬಿಡಿ.

2023ರ 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ಕೂಡ ಇದೇ ಜಾತಿ. ಒಂದು ಹಾಸ್ಟೆಲ್, ಒಂದು ರಾತ್ರಿ, ಒಂದಿಷ್ಟು ತಲೆಹರಟೆ ಹುಡುಗರು. ಕ್ಯಾಮೆರಾ ಕೂಡ ಅವರ ಹಿಂದೆಯೇ ಕಾರಿಡಾರಿನಲ್ಲಿ ಓಡುತ್ತದೆ. ಕಾಲೇಜು ಹುಡುಗರು ತುಂಬಿದ ಹಾಲ್‌ನಲ್ಲಿ ಇದನ್ನು ನೋಡಿದವರಿಗೆ ತೆರೆಯ ಗಲಾಟೆ ಯಾವುದು, ಸೀಟಿನ ಗಲಾಟೆ ಯಾವುದು ಅಂತಲೇ ಗೊತ್ತಾಗಲಿಲ್ಲ. ಫೋನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡಿದರೆ ಹತ್ತೇ ನಿಮಿಷಕ್ಕೆ ತಲೆನೋವು ಬರಬಹುದು. ಈ ಥರದ್ದಕ್ಕೆ ಎರಡನೇ ಯೋಚನೆ ಬೇಡ, ಥಿಯೇಟರಿಗೆ ಹೋಗಿ.

ಮಾತಿನ ನಗು ಬೇರೆ. ಗುರುಪ್ರಸಾದ್ ನಿರ್ದೇಶನ, ಜಗ್ಗೇಶ್ ಅಭಿನಯದ 'ಮಠ' (2006), 'ಎದ್ದೇಳು ಮಂಜುನಾಥ' (2009) ನೆನೆಸಿಕೊಳ್ಳಿ. ಒಂದು ಸಾಲಿಗೆ ನಗುತ್ತಿರುವಾಗಲೇ ಇನ್ನೆರಡು ಸಾಲು ಹೋಗಿಬಿಟ್ಟಿರುತ್ತವೆ. ಹೌಸ್‌ಫುಲ್ ಹಾಲ್‌ನಲ್ಲಿ ಅರ್ಧ ಡೈಲಾಗ್ ಜನರ ನಗುವಿಗೇ ಬಲಿ. ಸುನಿ ಅವರ 'ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ' (2013) ಕೂಡ ಹೀಗೇ, ರಕ್ಷಿತ್ ಶೆಟ್ಟಿ ಮತ್ತು ಶ್ವೇತಾ ಶ್ರೀವಾತ್ಸವ್ ಮಾತಾಡುತ್ತಾರೆ, ಮಾತಾಡುತ್ತಾರೆ, ಮಾತಾಡುತ್ತಲೇ ಇರುತ್ತಾರೆ. ಇವುಗಳಿಗೆ ಹಿಂದಕ್ಕೆ ಹೋಗಿ ಇನ್ನೊಂದು ಸಲ ಕೇಳುವ ಸೌಕರ್ಯ ಬೇಕು. ಎರಡನೇ ಸಲ ನೋಡುವಾಗಲೇ ಜಾಸ್ತಿ ನಗು ಬರುತ್ತದೆ. ಮುಂದೆ ಬರುವ ಸಿನಿಮಾ ಇಂಥದ್ದು ಅನಿಸಿದರೆ ಕಾಯುವುದರಲ್ಲಿ ನಷ್ಟ ಇಲ್ಲ. ನಿರ್ಮಾಪಕರ ಮೇಲೆ ಕರುಣೆ ಇದ್ದರೆ ಮಾತ್ರ ಬಿಡುಗಡೆಯ ವಾರವೇ ಹೋಗಿ.

ಮೂರನೆಯದು ತುಟಿಯಂಚಿನ ನಗು. ರಾಜ್ ಬಿ. ಶೆಟ್ಟಿ ಅವರ ಮೊದಲ ಸಿನಿಮಾ 'ಒಂದು ಮೊಟ್ಟೆಯ ಕಥೆ' (2017) ಈ ಜಾತಿಗೆ ಸೇರಿದ್ದು. ಮಂಗಳೂರಿನ ಒಬ್ಬ ಕನ್ನಡ ಮೇಷ್ಟ್ರು, ತಲೆಯಲ್ಲಿ ಕೂದಲಿಲ್ಲ, ಡಾ. ರಾಜ್‌ಕುಮಾರ್ ಭಕ್ತ, ಮದುವೆಗೆ ಹೆಣ್ಣು ಸಿಗುತ್ತಿಲ್ಲ. ಇಲ್ಲಿ ಯಾರೂ ಸೀಟಿನಿಂದ ಎದ್ದು ಬಿದ್ದು ನಗೋದಿಲ್ಲ. ನಗು ಬರುತ್ತದೆ, ಅದರ ಹಿಂದೆಯೇ ಅಯ್ಯೋ ಪಾಪ ಅನಿಸುತ್ತದೆ. ಸಿಂಧು ಶ್ರೀನಿವಾಸಮೂರ್ತಿ ಅವರ 'ಆಚಾರ್ ಅಂಡ್ ಕೋ' (2023) ಅರವತ್ತರ ದಶಕದ ಬೆಂಗಳೂರಿನ ಒಂದು ದೊಡ್ಡ ಕುಟುಂಬದ ಕಥೆ. ಅದರ ಮಜಾ ಇರುವುದು ಮನೆಯ ಪಾತ್ರೆ, ಸೀರೆ, ಗದರಿಕೆಗಳಲ್ಲಿ. ಇವನ್ನು ಎಲ್ಲಿ ಬೇಕಾದರೂ ನೋಡಬಹುದು. ನನ್ನನ್ನು ಕೇಳಿದರೆ ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಮನೆಯಲ್ಲಿ, ಫೋನ್ ಪಕ್ಕಕ್ಕಿಟ್ಟು. ಥಿಯೇಟರಿಗೆ ಹೋಗುವುದಾದರೆ ಗಲಾಟೆ ಇಲ್ಲದ ಶೋ ಹುಡುಕಿಕೊಳ್ಳಿ. ಪೂರ್ಣಚಂದ್ರ ತೇಜಸ್ವಿಯವರ ಕಥೆ ಆಧರಿಸಿದ 'ಡೇರ್‌ಡೆವಿಲ್ ಮುಸ್ತಫಾ' (2023) ಮಾತ್ರ ಎರಡೂ ಕಡೆ ಸಲ್ಲುವಂಥದ್ದು. ಶುರುವೆಲ್ಲ ನಿಧಾನದ ನಗು, ಕೊನೆಯ ಕ್ರಿಕೆಟ್ ಮ್ಯಾಚಿಗೆ ಮಾತ್ರ ಜೊತೆಗೆ ಕೂಗಲು ಜನ ಬೇಕು. ತೇಜಸ್ವಿ ಅಭಿಮಾನಿಗಳೇ ದುಡ್ಡು ಹಾಕಿ ಮಾಡಿಸಿದ ಸಿನಿಮಾ ಅದು, ಹಾಗಾಗಿ ಹಾಲ್‌ನಲ್ಲಿ ಪುಸ್ತಕ ಓದಿಕೊಂಡು ಬಂದವರೂ ಇದ್ದರು.

ಇನ್ನೂ ಬಾರದ ಸಿನಿಮಾ ಯಾವ ಜಾತಿ ಅಂತ ಹೇಗೆ ತಿಳಿಯೋದು?

ಬಂದ ಸಿನಿಮಾ ಬಗ್ಗೆ ಹೇಳೋದು ಸುಲಭ. ಕಷ್ಟ ಇರುವುದು ಮುಂದಿನ ಶುಕ್ರವಾರ ಬರುವುದರ ಬಗ್ಗೆ. ಇಂಥ ತಾರೀಖಿಗೆ ಇಂಥ ಸಿನಿಮಾ ಅಂತ ಪಟ್ಟಿ ನಾನು ಕೊಡುತ್ತಿಲ್ಲ. ಕೊಟ್ಟರೂ ನೀವು ಓದುವ ಹೊತ್ತಿಗೆ ಅರ್ಧ ಬದಲಾಗಿರುತ್ತದೆ. ದೊಡ್ಡವರೊಬ್ಬರು ಒಂದು ತಾರೀಖು ಹೇಳಿದ ಕೂಡಲೇ ಅದೇ ವಾರಕ್ಕೆ ಕಾಯುತ್ತಿದ್ದ ಚಿಕ್ಕ ಸಿನಿಮಾಗಳು ಹಿಂದೆಮುಂದೆ ಸರಿಯುತ್ತವೆ. ಹಗುರ ಹಾಸ್ಯದ ಸಿನಿಮಾಗಳು ಹೆಚ್ಚಿನ ಪಾಲು ಈ ಚಿಕ್ಕವರ ಸಾಲಿನಲ್ಲೇ ಇರುತ್ತವೆ.

ಪಟ್ಟಿಗಿಂತ ಟ್ರೇಲರ್ ನೋಡುವ ಬಗೆ ಗೊತ್ತಿದ್ದರೆ ಒಳ್ಳೆಯದು. ನಾನು ಮೊದಲು ಗಮನಿಸುವುದು ನಗು ಎಲ್ಲಿಂದ ಹುಟ್ಟುತ್ತಿದೆ ಅನ್ನೋದನ್ನು. ಪಾತ್ರ ಯಾವುದೋ ಪೇಚಿನಲ್ಲಿ ಸಿಕ್ಕಿಹಾಕಿಕೊಂಡಿದೆ, ಅದರಿಂದ ನಗು ಬರುತ್ತಿದೆ ಅಂದರೆ ಭರವಸೆ ಇಡಬಹುದು. ನಟ ಮುಖ ಸೊಟ್ಟ ಮಾಡಿದಾಗಲೆಲ್ಲ ಹಿಂದೆ ಒಂದು 'ಟೊಯ್ಂಗ್' ಸದ್ದು ಹಾಕಿದ್ದಾರೆ ಅಂದರೆ ಹುಷಾರು. ಎಲ್ಲಿ ನಗಬೇಕು ಅಂತ ಸದ್ದು ಮಾಡಿ ತೋರಿಸುವವರಿಗೆ ತಮ್ಮ ತಮಾಷೆಯ ಮೇಲೆ ತಮಗೇ ನಂಬಿಕೆ ಇಲ್ಲ ಅಂತಲೇ ಅರ್ಥ.

ಪೋಸ್ಟರಿನಲ್ಲಿ ಹಾಸ್ಯ ನಟರ ಮುಖಗಳೇ ಏಳೆಂಟು ತುಂಬಿಕೊಂಡಿದ್ದರೆ ನನಗೆ ಆಸೆ ಕಡಿಮೆ ಆಗುತ್ತದೆ. ಆ ನಟರು ಕೆಟ್ಟವರು ಅಂತಲ್ಲ. ಕಥೆ ಒಂದು ಕಡೆ, ಕಾಮಿಡಿ ಟ್ರ್ಯಾಕ್ ಇನ್ನೊಂದು ಕಡೆ ಹೋಗುವ ಹಳೆಯ ಅಭ್ಯಾಸ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಹೀರೋ ಹೀರೋಯಿನ್ ಜಗಳ ಆಡುವಾಗ ಮಧ್ಯೆ ಹತ್ತು ನಿಮಿಷ ಬೇರೆ ಯಾರೋ ಬಂದು ನಗಿಸಿ ಹೋಗುತ್ತಾರೆ. ಅಂಥದ್ದನ್ನು ಯೂಟ್ಯೂಬ್‌ನಲ್ಲಿ ತುಂಡು ತುಂಡಾಗಿ ನೋಡಿದರೂ ಸಾಕು, ಥಿಯೇಟರಿಗೆ ಯಾಕೆ? ಕಥೆಯೇ ನಗಿಸುವ ಸಿನಿಮಾವನ್ನು ಹಾಗೆ ತುಂಡು ಮಾಡಲು ಬರೋದಿಲ್ಲ.

ಸಂಭಾಷಣೆ ಬರೆದವರು ಯಾರು ಅಂತಲೂ ನೋಡಿ. ಹಾಸ್ಯದ ಸಿನಿಮಾಕ್ಕೆ ಹೀರೋ ಹೆಸರಿಗಿಂತ ಈ ಹೆಸರು ಜಾಸ್ತಿ ಕೆಲಸಕ್ಕೆ ಬರುತ್ತದೆ. ಟ್ರೇಲರಿನ ಕನ್ನಡ ಯಾವ ಕಡೆಯದು ಅನ್ನೋದೂ ಮುಖ್ಯ. ಮಂಗಳೂರು, ಕುಂದಾಪುರ, ಮಂಡ್ಯ, ಧಾರವಾಡ, ಹೀಗೆ ಒಂದು ಊರಿನ ಮಾತು ಸರಿಯಾಗಿ ಬಂದಿದ್ದರೆ ಬರೆದವರಿಗೆ ಆ ಜನ ಗೊತ್ತು ಅಂತ ಲೆಕ್ಕ. ಊರಿನ ಮಾತನ್ನು ಬರೀ ಆಡಿಕೊಳ್ಳಲಿಕ್ಕೆ ತಂದಿದ್ದರೆ ಒಂದೇ ನಿಮಿಷಕ್ಕೆ ಗೊತ್ತಾಗುತ್ತದೆ. ಹುಬ್ಬಳ್ಳಿ ಕಡೆಯ ಗೆಳೆಯರಿಗೆ ಇಂಥ ಟ್ರೇಲರ್ ಕಳಿಸಿ ನೋಡಿ, ಬೈಗುಳದ ರೂಪದಲ್ಲಿ ಉಚಿತ ವಿಮರ್ಶೆ ಸಿಗುತ್ತದೆ.

ಸೆನ್ಸಾರ್ ಸರ್ಟಿಫಿಕೇಟನ್ನೂ ಒಂದು ಸಲ ನೋಡಿಕೊಳ್ಳಿ. ಮುಂಚೆ ಬರೀ ಯು, ಯುಎ, ಎ ಅಂತ ಇರುತ್ತಿತ್ತು. 2024ರ ಹೊಸ ನಿಯಮಗಳ ನಂತರ ಯುಎ ಒಳಗೇ 7+, 13+, 16+ ಅಂತ ಮೂರು ಆಗಿದೆ. ಹಾಸ್ಯದ ಸಿನಿಮಾಕ್ಕೆ 16+ ಬಂದಿದ್ದರೆ ಡಬಲ್ ಮೀನಿಂಗ್ ಇರಬಹುದು ಅಂತ ಊಹಿಸಿಕೊಳ್ಳಬಹುದು. ಅಮ್ಮ, ಅತ್ತೆ, ಎಂಟನೇ ಕ್ಲಾಸಿನ ಮಗ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿಕೊಂಡು ಆಮೇಲೆ ತಲೆ ತಗ್ಗಿಸುವುದಕ್ಕಿಂತ ಈ ಎರಡು ಅಂಕಿ ನೋಡೋದು ವಾಸಿ.

ಅವಧಿಯ ಬಗ್ಗೆ ಒಂದೇ ಮಾತು. ಎರಡೂವರೆ ಗಂಟೆ ಮೀರಿದ ಕಾಮಿಡಿಯಲ್ಲಿ ಇಂಟರ್ವಲ್ ಆದ ಮೇಲೆ ಒಂದು ಸೆಂಟಿಮೆಂಟ್ ಸಾವು ಕಾದಿರುತ್ತದೆ.

ಸ್ಟಾರ್ ಕಾಮಿಡಿ, ಹೊಸಬರ ಕಾಮಿಡಿ: ಯಾವುದಕ್ಕೆ ಯಾವಾಗ

ಎಷ್ಟೋ ಜನ ತಪ್ಪುವುದು ಇಲ್ಲಿ. ಸ್ಟಾರ್ ಸಿನಿಮಾಕ್ಕೆ ಮೊದಲ ದಿನ ಹೋಗುತ್ತಾರೆ, ಹೊಸಬರದ್ದನ್ನು ಮುಂದಿನ ವಾರ ನೋಡೋಣ ಅಂತ ಬಿಡುತ್ತಾರೆ. ಹಾಸ್ಯದ ವಿಷಯದಲ್ಲಿ ತಿರುಗಿಸಿ ಮಾಡಬೇಕು.

ಸ್ಟಾರ್ ಒಬ್ಬರು ಹಗುರ ಪಾತ್ರ ಮಾಡಿದ್ದಾರೆ ಅಂತ ಇಟ್ಟುಕೊಳ್ಳಿ. ಮೊದಲ ದಿನ ಶಿಳ್ಳೆ, ಕೂಗು, ಕಾಗದದ ಚೂರು. ಅವರು ಬಾಯಿ ತೆರೆದ ಕೂಡಲೇ ಹಾಲ್ ಎದ್ದು ನಿಲ್ಲುತ್ತದೆ, ಮಾತು ಕೇಳೋದೇ ಇಲ್ಲ. ಆ ಸಂಭ್ರಮ ಬೇಕು ಅಂದರೆ ಬೇರೆ ಮಾತು. ಸಿನಿಮಾ ನೋಡಿ ನಗಬೇಕು ಅಂದರೆ ಮೊದಲ ವಾರದ ಮಂಗಳವಾರವೋ ಬುಧವಾರವೋ ಹೋಗಿ. ಅಂಥ ಸಿನಿಮಾ ಒಂದು ವಾರಕ್ಕೆ ಎಲ್ಲೂ ಓಡಿಹೋಗುವುದಿಲ್ಲ.

ಹೊಸಬರ ಸಿನಿಮಾಕ್ಕೆ ಆ ಪುಣ್ಯ ಇಲ್ಲ. ಅದಕ್ಕೆ ಮಲ್ಟಿಪ್ಲೆಕ್ಸಿನಲ್ಲಿ ಸಿಗುವುದೇ ಒಂದೋ ಎರಡೋ ಶೋ. ಅದೂ ಬೆಳಗ್ಗೆ ಹತ್ತಕ್ಕೆ, ಇಲ್ಲ ಮಧ್ಯಾಹ್ನ ಎರಡೂವರೆಗೆ, ಯಾರಿಗೂ ಪುರಸೊತ್ತಿಲ್ಲದ ಹೊತ್ತಿಗೆ. ಶನಿವಾರ ಭಾನುವಾರ ಸೀಟು ತುಂಬಲಿಲ್ಲ ಅಂದರೆ ಸೋಮವಾರ ಶೋ ಕಡಿಮೆ, ಮುಂದಿನ ಶುಕ್ರವಾರ ಹೊಸ ಸಿನಿಮಾ ಬಂದ ಮೇಲೆ ಪೂರ್ತಿ ಕಾಣೆ. ಎರಡನೇ ವಾರ ನೋಡೋಣ ಅಂದವರಿಗೆ ಎರಡನೇ ವಾರವೇ ಸಿಗುವುದಿಲ್ಲ. ಹಾಗಾಗಿ ಟ್ರೇಲರ್ ಇಷ್ಟ ಆಗಿದ್ದರೆ ಮೊದಲ ಶನಿವಾರ ಸಂಜೆಯೇ ಸರಿಯಾದ ಹೊತ್ತು. ಹಾಲ್ ತುಂಬಿರುವ ಸಾಧ್ಯತೆಯೂ ಆಗಲೇ ಜಾಸ್ತಿ.

ನಂಬಿಕೆ ಬರದಿದ್ದರೆ ಶುಕ್ರವಾರ ಒಂದು ದಿನ ಕಾಯಿರಿ. ಆದರೆ ರೇಟಿಂಗ್ ನೋಡಬೇಡಿ. ಮೊದಲ ದಿನದ ಹತ್ತಕ್ಕೆ ಒಂಬತ್ತೂವರೆಯನ್ನು ತಂಡದವರ ಕಸಿನ್‌ಗಳೇ ಕೊಟ್ಟಿರಬಹುದು. ಅದರ ಬದಲು ಬುಕಿಂಗ್ ಆಪ್ ತೆರೆದು ಸೀಟಿನ ನಕ್ಷೆ ನೋಡಿ. ಶುಕ್ರವಾರ ಸಂಜೆಯ ಶೋಗಿಂತ ಶನಿವಾರ ಸಂಜೆಯದ್ದು ಬೇಗ ತುಂಬುತ್ತಿದೆ, ಮುಂಚೆ ಇಲ್ಲದ ಹೊಸ ಶೋ ಸೇರಿಸಿದ್ದಾರೆ ಅಂದರೆ ನೋಡಿ ಬಂದವರು ಹೊರಗೆ ಹೇಳುತ್ತಿದ್ದಾರೆ ಅಂತ ಅರ್ಥ. 'ಸು ಫ್ರಮ್ ಸೋ' ಬಂದ ಮೊದಲ ವಾರಾಂತ್ಯ ಆದದ್ದು ಇದೇ. ಜಾಹೀರಾತಿಗೆ ದುಡ್ಡು ಸುರಿಯಬಹುದು. ಹತ್ತಾರು ಊರಿನಲ್ಲಿ ಎರಡನೇ ದಿನದ ಸೀಟು ತುಂಬಿಸುವುದು ಅಷ್ಟು ಸುಲಭ ಅಲ್ಲ.

ಕ್ಯಾಲೆಂಡರ್ ಬಗ್ಗೆ ನನ್ನದೊಂದು ಗಮನ ಇದೆ. ಯುಗಾದಿ, ವರಮಹಾಲಕ್ಷ್ಮಿ, ಗಣೇಶ, ದಸರಾ, ದೀಪಾವಳಿ ಅಂತ ಹಬ್ಬದ ವಾರಗಳನ್ನೆಲ್ಲ ದೊಡ್ಡವರು ಮೊದಲೇ ಹಂಚಿಕೊಂಡಿರುತ್ತಾರೆ. ಮಾರ್ಚ್‌ನಿಂದ ಮೇ ತನಕ ಪರೀಕ್ಷೆ, ಐಪಿಎಲ್. ಹಾಗಾದರೆ ಚಿಕ್ಕ ಕಾಮಿಡಿಗೆ ಉಳಿಯುವುದು ಯಾವಾಗ? ಜುಲೈ. 'ಒಂದು ಮೊಟ್ಟೆಯ ಕಥೆ' ಜುಲೈ 7. 'ಹಾಸ್ಟೆಲ್ ಹುಡುಗರು' ಜುಲೈ 21. 'ಆಚಾರ್ ಅಂಡ್ ಕೋ' ಜುಲೈ 28. 'ಸು ಫ್ರಮ್ ಸೋ' ಜುಲೈ 25. ಕೋವಿಡ್ ಕಾಲದಲ್ಲಿ ನೇರ ಪ್ರೈಮ್ ವಿಡಿಯೋಗೆ ಬಂದ 'ಫ್ರೆಂಚ್ ಬಿರಿಯಾನಿ' ಕೂಡ 2020ರ ಜುಲೈ 24ಕ್ಕೆ. ಯಾರೂ ಪಂಚಾಂಗ ನೋಡಿ ಇಟ್ಟ ಮುಹೂರ್ತ ಅಲ್ಲ ಅಂದುಕೊಂಡಿದ್ದೇನೆ. ಮಳೆ ಹಿಡಿದಿರುತ್ತದೆ, ಶಾಲೆ ಶುರುವಾಗಿರುತ್ತದೆ, ದೊಡ್ಡವರು ಹಬ್ಬದ ಕಡೆ ಕಣ್ಣಿಟ್ಟು ಕೂತಿರುತ್ತಾರೆ. ಆ ಸಂದಿಯಲ್ಲಿ ಚಿಕ್ಕವರು ನುಗ್ಗುತ್ತಾರೆ. ಸಂದಿ ಅಂದರೂ ಪೂರ್ತಿ ಖಾಲಿ ಇರುತ್ತದೆ ಅಂತಲ್ಲ. 'ಹಾಸ್ಟೆಲ್ ಹುಡುಗರು' ಬಂದ ದಿನವೇ 'ಓಪನ್‌ಹೈಮರ್', 'ಬಾರ್ಬಿ' ಎರಡೂ ಬಂದಿದ್ದವು. ಆದರೂ ಹುಡುಗರು ನಿಂತರು. ವರ್ಷಕ್ಕೆ ಇಷ್ಟೇ ಸಿನಿಮಾ ಅಂತ ಬಜೆಟ್ ಇಟ್ಟುಕೊಂಡವರು ಜುಲೈಗೆ ಸ್ವಲ್ಪ ದುಡ್ಡು ತೆಗೆದಿಡಿ.

ಇನ್ನೊಂದು ಸಂದಿ ವರ್ಷದ ಕೊನೆಯ ವಾರ. 'ಕಿರಿಕ್ ಪಾರ್ಟಿ' 2016ರ ಡಿಸೆಂಬರ್ 30ಕ್ಕೆ ಬಂದು ಮುಂದಿನ ವರ್ಷವನ್ನೆಲ್ಲ ತನ್ನದು ಮಾಡಿಕೊಂಡಿತು. ಆದರೆ ಡಿಸೆಂಬರ್ ಈಗ ಚಿಕ್ಕವರ ಕೈಗೆ ಸಿಗುತ್ತಿಲ್ಲ.

ಯಾವ ಥಿಯೇಟರ್?

ಸಿಂಗಲ್ ಸ್ಕ್ರೀನೋ ಮಲ್ಟಿಪ್ಲೆಕ್ಸೋ ಅನ್ನುವ ಜಗಳ ಹಳೆಯದು. ಬೆಂಗಳೂರಿನಲ್ಲಂತೂ ಜಗಳ ಆಡಲಿಕ್ಕೂ ಹೆಚ್ಚು ಥಿಯೇಟರ್ ಉಳಿದಿಲ್ಲ. 1974ರಲ್ಲಿ ಶುರುವಾದ ಕಾವೇರಿ ಚಿತ್ರಮಂದಿರ 2024ರಲ್ಲಿ, ಸರಿಯಾಗಿ ಐವತ್ತು ವರ್ಷಕ್ಕೆ, ಬಾಗಿಲು ಹಾಕಿತು. ಮೈಸೂರು, ಶಿವಮೊಗ್ಗ, ದಾವಣಗೆರೆ ಕಡೆಯವರಿಗೆ ಇನ್ನೂ ಆಯ್ಕೆ ಇದೆ.

ಗುಂಪಿನ ನಗುವಿಗೆ ತುಂಬಿದ ಸಿಂಗಲ್ ಸ್ಕ್ರೀನ್ ಮೀರಿಸುವಂಥದ್ದು ಇಲ್ಲ. ಮುಂದಿನ ಗಾಂಧಿ ಕ್ಲಾಸಿನಲ್ಲಿ ಹುಟ್ಟಿದ ನಗು ಬಾಲ್ಕನಿಗೆ ಬರುವಷ್ಟರಲ್ಲಿ ಎರಡರಷ್ಟಾಗಿರುತ್ತದೆ. ಆದರೆ 'ತುಂಬಿದ' ಅನ್ನುವ ಮಾತು ಮರೆಯಬೇಡಿ. ಎಂಟುನೂರು ಸೀಟಿನ ಹಾಲ್‌ನಲ್ಲಿ ನಲವತ್ತು ಜನ ಚೆಲ್ಲಾಪಿಲ್ಲಿ ಕೂತಿದ್ದರೆ ನಗಲೂ ಸಂಕೋಚ ಆಗುತ್ತದೆ. ಅದಕ್ಕಿಂತ ಮಲ್ಟಿಪ್ಲೆಕ್ಸಿನ ನೂರು ಸೀಟಿನ ಪುಟ್ಟ ಸ್ಕ್ರೀನ್ ತುಂಬಿದ್ದರೆ ಅದೇ ವಾಸಿ. ಮಾತಿನ ನಗುವಿಗೂ ಮಲ್ಟಿಪ್ಲೆಕ್ಸೇ ಮೇಲು. ಹಳೆಯ ಹಾಲ್‌ಗಳಲ್ಲಿ ಹಾಡು ಎದೆಗೆ ಬಡಿಯುತ್ತದೆ, ಪಿಸುಮಾತು ಮಾತ್ರ ಫ್ಯಾನಿನ ಸದ್ದಿನಲ್ಲಿ ಸೇರಿಹೋಗುತ್ತದೆ.

ರಿಕ್ಲೈನರ್ ಸೀಟು ಕಾಮಿಡಿಗೆ ದಂಡ. ಮಲಗಿಕೊಂಡು ಯಾರೂ ಜೋರಾಗಿ ನಗೋದಿಲ್ಲ, ನಿದ್ದೆ ಮಾಡುತ್ತಾರೆ. ಹಾಲ್ ಅರ್ಧ ಖಾಲಿ ಇದ್ದರೆ ಮೂಲೆಯ ಸೀಟು ಹಿಡಿಯದೆ ಜನ ಇರುವ ಸಾಲಿಗೆ ಹತ್ತಿರ ಕೂರಿ.

ದುಡ್ಡಿನ ಲೆಕ್ಕ ಹೀಗಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು. ಮಲ್ಟಿಪ್ಲೆಕ್ಸ್‌ನವರು ಕೋರ್ಟಿಗೆ ಹೋದರು, ಅದೇ ತಿಂಗಳಲ್ಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಅದೇ ಸೆಪ್ಟೆಂಬರ್ 22ರಿಂದ ನೂರು ರೂಪಾಯಿ ಒಳಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಅದಕ್ಕಿಂತ ಮೇಲಿನದಕ್ಕೆ ಶೇ. 18 ಹಾಗೇ ಇದೆ. ಅಂದರೆ ಸಣ್ಣ ಊರಿನ ಥಿಯೇಟರಿಗೆ ಹೋಗುವವರಿಗೆ ಸ್ವಲ್ಪ ಉಳಿತಾಯ, ನಗರದ ಮಾಲ್‌ಗೆ ಹೋಗುವವರಿಗೆ ಏನೂ ಇಲ್ಲ. ನಾಲ್ಕು ಜನರ ಕುಟುಂಬ ಭಾನುವಾರ ಸಂಜೆ ಮಾಲ್‌ಗೆ ಹೋದರೆ ಟಿಕೆಟ್ಟಿಗಿಂತ ಪಾಪ್‌ಕಾರ್ನ್ ಬಿಲ್ಲೇ ಅಳಿಸುತ್ತದೆ. ವಾರದ ದಿನ, ಅದರಲ್ಲೂ ಬೆಳಗಿನ ಶೋ ಅಗ್ಗ. ಆದರೆ ಅಗ್ಗದ ಶೋ ಖಾಲಿಯೂ ಇರುತ್ತದೆ, ಗುಂಪಿನ ನಗುವಿನ ಸಿನಿಮಾಕ್ಕೆ ಆ ಉಳಿತಾಯ ನನಗೆ ಒಪ್ಪಿಗೆ ಇಲ್ಲ.

ಈ ವಾರ ಒಳ್ಳೆಯದೇನೂ ಇಲ್ಲದಿದ್ದರೆ

ಹೊಸದು ಅಂತ ಏನೋ ಒಂದನ್ನು ನೋಡುವುದಕ್ಕಿಂತ ಮನೆಯಲ್ಲಿ ಹಳೆಯದನ್ನು ಹಾಕಿ. ಇಲ್ಲೂ ಯಾರು ಕೂತಿದ್ದಾರೆ ಅನ್ನೋದರ ಮೇಲೆ ಆರಿಸಬೇಕು.

ಮೂರು ತಲೆಮಾರಿನವರು ಒಟ್ಟಿಗೆ ಇದ್ದರೆ 'ಗಣೇಶನ ಮದುವೆ' (1990). ಫಣಿ ರಾಮಚಂದ್ರ ನಿರ್ದೇಶನ, ಅನಂತ್ ನಾಗ್, ವಿನಯಾ ಪ್ರಸಾದ್. ಒಂದು ವಠಾರ, ಅಕ್ಕಪಕ್ಕದ ಮನೆಯವರ ಜಗಳ. ವಠಾರದಲ್ಲಿ ಬೆಳೆದ ಅಜ್ಜ ಅಜ್ಜಿಯರು ಸಿನಿಮಾಕ್ಕಿಂತ ಜಾಸ್ತಿ ತಮ್ಮ ಕಥೆ ಹೇಳಲು ಶುರು ಮಾಡುತ್ತಾರೆ, ಅದಕ್ಕೂ ಸಮಯ ಇಟ್ಟುಕೊಳ್ಳಿ. ಅದೇ ನಿರ್ದೇಶಕರ, ಅದೇ ಜೋಡಿಯ 'ಗೌರಿ ಗಣೇಶ' (1991) ನನ್ನ ಮಟ್ಟಿಗೆ ಇನ್ನೂ ಗಟ್ಟಿ ಸಿನಿಮಾ. ಸತ್ತುಹೋದ ಹೆಣ್ಣುಮಗಳೊಬ್ಬಳ ಡೈರಿ ಲಂಬೋದರನ, ಅಂದರೆ ಅನಂತ್ ನಾಗ್ ಪಾತ್ರದ, ಕೈಗೆ ಸಿಗುತ್ತದೆ. ಅದನ್ನು ಹಿಡಿದುಕೊಂಡು ಅವನು ಮೂರು ಜನ ದೊಡ್ಡ ಮನುಷ್ಯರಿಂದ ದುಡ್ಡು ಕೀಳುತ್ತಾನೆ. 'ಮಗು ನಿಮ್ಮದೇ' ಅನ್ನುವುದೇ ಅವನ ಅಸ್ತ್ರ. ವಿಷಯ ಹೇಳಿದರೆ ಮುಜುಗರದ್ದು, ಸಿನಿಮಾದಲ್ಲಿ ಒಂದು ಕಡೆಯೂ ಹಾಗನಿಸುವುದಿಲ್ಲ. ಇವತ್ತು ಇದೇ ಕಥೆ ಕೊಟ್ಟರೆ ಅಷ್ಟು ಹಗುರವಾಗಿ ಎಷ್ಟು ಜನ ಮಾಡಿಯಾರು?

ಬರೀ ಗೊಂದಲದ ಮಜಾ ಸಾಕು ಅಂದರೆ ಎನ್.ಎಸ್. ಶಂಕರ್ ಅವರ 'ಉಲ್ಟಾ ಪಲ್ಟಾ' (1997). ಇಬ್ಬರು ರಮೇಶ್, ಇಬ್ಬರು ಕಾಶಿ. ಶೇಕ್ಸ್‌ಪಿಯರನ ಹಳೆಯ ಅವಳಿ ಜವಳಿ ಕಥೆಯೇ, ಆದರೆ ಎಲ್ಲಿಂದಲೋ ತಂದದ್ದು ಅಂತ ಅನಿಸುವುದಿಲ್ಲ. ರಾಜೇಂದ್ರ ಸಿಂಗ್ ಬಾಬು ಅವರ 'ಕುರಿಗಳು ಸಾರ್ ಕುರಿಗಳು' (2001) ಇದಕ್ಕಿಂತ ಒರಟು, ಗಲಾಟೆ ಜಾಸ್ತಿ. ಗೆಳೆಯರ ಗುಂಪಿಗೆ ಸರಿ. ಮಕ್ಕಳಿದ್ದರೆ ರಿಷಬ್ ಶೆಟ್ಟಿ ಅವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' (2018). ಗಡಿಯ ಕನ್ನಡ ಶಾಲೆಯ ಕಥೆ, ರಾಷ್ಟ್ರಪ್ರಶಸ್ತಿಯೂ ಬಂದಿದೆ. ಮಕ್ಕಳು ಅದರ ಮಾತುಗಳನ್ನು ಒಂದು ವಾರ ಬಿಡುವುದಿಲ್ಲ ಅನ್ನೋದು ಮಾತ್ರ ಎಚ್ಚರಿಕೆ.

ಬೇರೆ ಭಾಷೆಯ ಕಾಮಿಡಿ

ಮಲಯಾಳಂನ ಹಗುರ ಸಿನಿಮಾಗಳಿಗೆ ನಮ್ಮಲ್ಲಿ ಈಗ ದೊಡ್ಡ ಅಭಿಮಾನಿ ಬಳಗ ಇದೆ. 2023ರ 'ರೋಮಾಂಚಂ' ನಡೆಯುವುದೇ ಬೆಂಗಳೂರಿನಲ್ಲಿ, ಬ್ಯಾಚುಲರ್ ಹುಡುಗರ ಒಂದು ಬಾಡಿಗೆ ಮನೆಯಲ್ಲಿ. ಇಂಥದ್ದನ್ನು ಸಬ್‌ಟೈಟಲ್ ಇಟ್ಟು ನೋಡಬೇಕೋ ಡಬ್ಬಿಂಗ್ ನೋಡಬೇಕೋ? ಸಬ್‌ಟೈಟಲ್‌ನಲ್ಲಿ ಒಂದು ಕಷ್ಟ ಇದೆ. ನಟ ಬಾಯಿ ತೆರೆಯುವ ಮುಂಚೆಯೇ ತಮಾಷೆಯ ಕೊನೆ ಸಾಲು ಕೆಳಗೆ ಬಂದುಬಿಡುತ್ತದೆ. ನೀವು ಮೊದಲು ನಗುತ್ತೀರಿ, ಭಾಷೆ ಗೊತ್ತಿರುವವರು ಆಮೇಲೆ ನಗುತ್ತಾರೆ. ಡಬ್ಬಿಂಗ್‌ನಲ್ಲಿ ಊರಿನ ಮಾತೇ ಮಾಯವಾಗಿ ಎಲ್ಲರೂ ವಾರ್ತೆ ಓದಿದ ಹಾಗೆ ಮಾತಾಡುತ್ತಾರೆ. ಎರಡರಲ್ಲಿ ನಾನು ಸಬ್‌ಟೈಟಲ್ ಕಡೆ. ಮಾತು ಕಡಿಮೆ, ಪೇಚು ಜಾಸ್ತಿ ಇರುವ ಸಿನಿಮಾ ಆದರೆ ಡಬ್ಬಿಂಗ್ ಕೂಡ ನಡೆಯುತ್ತದೆ.

ಹೊರದೇಶದಲ್ಲಿರುವವರಿಗೆ

ನಿಮ್ಮ ಆಯ್ಕೆ ಇನ್ನೂ ಚಿಕ್ಕದು. ಚಿಕ್ಕ ಕನ್ನಡ ಸಿನಿಮಾಕ್ಕೆ ಅಲ್ಲಿ ಸಾಮಾನ್ಯವಾಗಿ ಒಂದೇ ವಾರಾಂತ್ಯ ಸಿಗುತ್ತದೆ, ಕೆಲವು ಸಲ ಒಂದೇ ಶೋ. ಅದೂ ಇಲ್ಲಿ ಓಡುತ್ತಿದೆ ಅಂತ ಸುದ್ದಿ ಆದ ಮೇಲೆ, ಒಂದೆರಡು ವಾರ ತಡವಾಗಿ. ಕಾದು ನೋಡುವ ಪ್ರಶ್ನೆಯೇ ಇಲ್ಲ, ಸಿಕ್ಕ ಶೋ ಹಿಡಿಯಿರಿ. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹತ್ತಾರು ಮನೆಯವರು ಒಂದೇ ಶೋಗೆ ಬುಕ್ ಮಾಡುವಂತೆ ಮಾತಾಡಿಕೊಂಡರೆ ಹಾಲ್ ತುಂಬುತ್ತದೆ, ನಗುವೂ ಸಿಗುತ್ತದೆ. ನಿಮ್ಮ ಊರಿನಲ್ಲಿ ಶೋ ಇಲ್ಲದಿದ್ದರೆ ವಿತರಕರ ಪುಟಕ್ಕೆ ಹೋಗಿ ಊರಿನ ಹೆಸರು, ಎಷ್ಟು ಜನ ಬರಬಹುದು ಅನ್ನೋದನ್ನು ಬರೆದು ಕಳಿಸಿ. ಚಿಕ್ಕ ಸಿನಿಮಾದವರು ಅಂಥ ಮೆಸೇಜುಗಳನ್ನು ನಿಜವಾಗಲೂ ಓದುತ್ತಾರೆ.